ಗೊರವ ಬಂತಾ?

"ಅದನ್ನ ಅಲ್ಲಿಂದ ತೆಗಿ, ಭೋಜರಾಜ," ಎನ್ನುತ್ತ ಅಂಬುಜಮ್ಮ ಗಂಡನ ಎದೆಯ ಮೇಲಿದ್ದ ದುರ್ಬೀನಿಗೆ ಕೈ ಹಾಕಿದರು. ಚಟ್ಟ ಎತ್ತಲು ಬಗ್ಗಿದ್ದ ನಾಲ್ವರೂ ಹಾಗೇ ನಿಂತರು.

ದುರ್ಬೀನು, ಹಕ್ಕಿಗಳ ನೋಟುಬುಕ್ಕು ಎರಡನ್ನೂ ಅಣ್ಣನ ಜೊತೆಗೇ ಸುಡಬೇಕೆಂದು ಇಟ್ಟವನು ಮೈದುನ ಭೋಜರಾಜನೇ. "ಅತ್ತಿಗೆ, ಅಣ್ಣನ ಪ್ರಾಣ ಅದ್ರಲ್ಲೇ ಇತ್ತು. ಜೊತೇಲೇ ಹೋಗ್ಲಿ ಬಿಡಿ. ಟೈಮಾಯ್ತು."

"ಬೇಕಾದ್ರೆ ಅವರ ಕನ್ನಡಕ ಇಡು. ಇದು ನಂದು."

ಹೆಣದ ಮುಂದೆ ಆಸ್ತಿ ಜಗಳವೇ ಎಂದು ಯಾರೋ ಗೊಣಗಿದರು. ತೀರಿಹೋದ ತಿರುಮಲೇಶ ಮದರಾಸಿನ ಪೆರಂಬೂರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ರೈಲುಡಬ್ಬಿಗಳಿಗೆ ಬಣ್ಣ ಹೊಡೆಸಿ, ನಿವೃತ್ತರಾದ ಮೇಲೆ ಪೋರೂರು ಕೆರೆಯ ಪಕ್ಕ ಮನೆ ಮಾಡಿದ್ದೇ ಹಕ್ಕಿ ನೋಡಲಿಕ್ಕೆ. ಹೆಂಡತಿ ಬರೀ ಕಾಫಿ ಫ್ಲಾಸ್ಕು ಹೊತ್ತು ಹಿಂದೆ ಹೋಗುವವಳು ಎಂದೇ ಎಲ್ಲರೂ ತಿಳಿದಿದ್ದರು. ತಿಳಿದವರ ತಿಳಿವಳಿಕೆಗೆ ಏನು ಹೇಳುವುದು!

* * *

ಮೂರು ವರ್ಷದ ಹಿಂದೆ, ಆಗಸ್ಟಿನಲ್ಲಿ, ಬಿಸಿಲಿಗೆ ಕೆರೆಯ ನೀರು ನಡುವಿಗೆ ಸರಿದಿತ್ತು. ಸಕ್ಕರೆ ಕಾಯಿಲೆ ತಿರುಮಲೇಶರ ಕಣ್ಣು ತಿಂದುಹಾಕಿತ್ತು. ದುರ್ಬೀನನ್ನು ಹೆಂಡತಿಯ ಕೈಗಿತ್ತು, "ಯಾರಿಗೂ ಹೇಳ್ಬೇಡ ಕಣೆ. ಗೊರವ ಬಂತಾ ನೋಡು," ಎಂದರು. ಚಳಿದೇಶದಿಂದ ವರ್ಷವರ್ಷವೂ ಬಂದಿಳಿಯುವ ಪುಟ್ಟ ಹಕ್ಕಿ ಅದು.

"ಕಲ್ಲಿನ ಮೇಲೆ ಬಂದಿರಬೇಕು ರೀ."

"ಬಂದಿರಬೇಕು ಅಂತೆಲ್ಲ ಬರೀಬೇಡ. ಕಂಡದ್ದು ಹೇಳು. ಬಾಲ ಕುಣಿಸ್ತಾ ಇದ್ಯಾ?"

ಇರಲಿಲ್ಲ. ಅದು ಕಲ್ಲಿನದೇ ಮೊನೆ. ಮುಂದಿನ ವಾರ ನಿಜವಾದ ಗೊರವ ಅಲ್ಲಿ ಬಾಲ ಕುಣಿಸಿದಾಗ ಅಂಬುಜಮ್ಮನಿಗೆ ಖುಷಿಯಿಂದ ಅಳುವೇ ಬಂತು. ಗಂಡನ ನೋಟುಬುಕ್ಕಿನಲ್ಲಿ ತಾರೀಖು ತಾವೇ ಬರೆದರು.

* * *

ಚಟ್ಟದ ಮೇಲಿದ್ದ ನೋಟುಬುಕ್ಕನ್ನು ಮಗಳು ಉಷಾ ತಿರುವಿದಳು. ಮದರಾಸಿನಲ್ಲೇ ಓದಿದವಳಿಗೆ ಕನ್ನಡ ಓದಲು ಬಾರದು. ಆದರೆ ಅಮ್ಮ ಅಗಸನಿಗೆ ಬರೆಯುವ ಚೀಟಿಯಲ್ಲಿ ದಿನಾ ನೋಡಿದ ದುಂಡಕ್ಷರ, ಅಂಕಿ ಗುರುತು ಸಿಕ್ಕಿತು. "ಚಿತ್ತಪ್ಪಾ, ಇದು ಅಮ್ಮಾ ಹ್ಯಾಂಡ್‌ರೈಟಿಂಗ್. ಮೂಣು ವರುಷಮಾ ಅಮ್ಮಾ ದಾನ್!" ಮೂರು ವರ್ಷದಿಂದ ಬರೆದದ್ದೆಲ್ಲ ಅಮ್ಮನೇ ಎಂದು ಭೋಜರಾಜನಿಗೆ ಪುಟ ತೋರಿಸಿದಳು.

"ಈ ವರ್ಷದ್ದು ಇನ್ನೂ ಬಂದಿಲ್ಲ," ಎಂದರು ಅಂಬುಜಮ್ಮ. "ಗೊರವ ಬಂತಾ, ಗೊರವ ಬಂತಾ ಅಂತ ನಿನ್ನೆ ಸಾಯಂಕಾಲವೂ ಕೇಳಿದ್ರು. ನಾನು ಉತ್ತರ ಹೇಳೋದಿದೆ."

ಭೋಜರಾಜ ದುರ್ಬೀನನ್ನು ಅತ್ತಿಗೆಯ ಕೈಗಿತ್ತು ಸರಿದು ನಿಂತ. ಚಟ್ಟ ಎದ್ದಿತು.

ಗಂಡಸರು ಹೋದ ಮೇಲೆ ಹೆಂಗಸರು ಮನೆ ತೊಳೆದರು. ಅಂಬುಜಮ್ಮ ತಲೆಗೆ ನೀರು ಸುರಿದುಕೊಂಡು ಬಂದು ಚಪ್ಪಲಿ ಮೆಟ್ಟಿದರು.

"ಹತ್ತು ದಿನ ಹೊಸಿಲು ದಾಟಬಾರದಮ್ಮ," ಪಕ್ಕದ ಮನೆಯ ಶಾರದಮ್ಮ ಅಡ್ಡ ಬಂದರು. "ಜನ ಏನಂದಾರು?"

"ಅನ್ನೋರು ಅನ್ನಲಿ. ಹಕ್ಕಿಗೆ ಸೂತಕ ಇಲ್ಲ."

ಕೆರೆ ಏರಿಯ ಮೇಲೆ ನಿಂತು ದುರ್ಬೀನು ಎತ್ತಿದರು. ಕಲ್ಲಿನ ಮೇಲೆ ಏನೋ ಕಂಡಿತು. ಇವತ್ತೊಂದು ದಿನ ಬಂದಿರಬಾರದೇ ಎಂದು ಜೀವ ಹಂಬಲಿಸಿತು. ಬರೆದುಬಿಟ್ಟರೆ ಕೇಳುವವರು ಯಾರೂ ಇಲ್ಲ. ಕೈ ಸೋಲುವವರೆಗೆ ನೋಡಿದರು. ಬಾಲ ಕುಣಿಯಲಿಲ್ಲ.

"ಇಲ್ಲ ರೀ. ಕಲ್ಲು," ಎಂದರು ಗಟ್ಟಿಯಾಗಿ.

ನೋಟುಬುಕ್ಕನ್ನು ಮೊಣಕಾಲ ಮೇಲಿಟ್ಟು '೨೩-೮-೮೪, ಬಂದಿಲ್ಲ' ಎಂದು ಬರೆದರು. ಒದ್ದೆ ಕೂದಲಿನಿಂದ ಹನಿಯೊಂದು ಪುಟದ ಮೇಲೆ ಬಿತ್ತು. ಸೆರಗಿನಿಂದ ಒರೆಸಿ, ಕೆಳಗಿನ ಸಾಲಿನಲ್ಲಿ ನಾಳೆಯ ತಾರೀಖು ಹಾಕಿ, ಮುಂದೆ ಜಾಗ ಬಿಟ್ಟರು.