ಅಪರಾಹ್ನದ ತಿಥಿ

ವೇದವತಮ್ಮನವರ ಯಜಮಾನರ ಶ್ರಾದ್ಧ ನಾಳೆ ಎಂದು ನನ್ನ ಮೆಸೇಜು ಹೋಗಿತ್ತು. ಇದ್ದದ್ದು ಇವತ್ತು. ಅವರ ಮೈದುನ ಬೆಳಿಗ್ಗೆ ಪಂಚಾಂಗ ನೋಡಿ ಫೋನ್ ಮಾಡಿದ್ದರಿಂದ ನಮ್ಮ ಮಾನ ಉಳಿಯಿತು. ಅಪ್ಪ ಕಾಫಿಯನ್ನೂ ಕುಡಿಯದೆ ಹೊರಟರು.

ಅಪ್ಪ ನಂಜುಂಡಯ್ಯನವರು ಕೃಷ್ಣಮೂರ್ತಿಪುರಂ ಸುತ್ತಿನ ಹಲವಾರು ಮನೆಗಳಿಗೆ ಪುರೋಹಿತರು. ಶ್ರಾದ್ಧದ ದಿನವನ್ನು ಆ ಮನೆಗಳಿಗೆ ಮುಂಚೆಯೇ ತಿಳಿಸುವ ಪ್ರೋಗ್ರಾಮು ನನ್ನದು. ನನ್ನ ತಮ್ಮ ಪವಮಾನನನ್ನು ಎದುರಿಗೆ ಕೂರಿಸಿಕೊಂಡು ಅಪ್ಪ ಎಲ್ಲವನ್ನೂ ಹೇಳಿಕೊಟ್ಟರು. ಅವನು ಆಕಳಿಸುತ್ತಾ ಕಲಿತ. ನಾನು ಹುಡುಗಿ, ನನ್ನನ್ನು ಕರೆಯಲಿಲ್ಲ. ಅಪ್ಪನ ಕೆಲಸದಲ್ಲಿ ನನಗೆ ಸಿಕ್ಕ ಪಾಲೆಂದರೆ ಈ ಮೆಸೇಜುಗಳು ಮಾತ್ರ.

ಹೊರಡುವಾಗ ಅವರು ಬೈಯಲಿಲ್ಲ. "ಸಂಜೆಯಿಂದ ನಾನೇ ಎಲ್ರಿಗೂ ಫೋನ್ ಮಾಡ್ತೀನಿ ಕಣಮ್ಮ. ಅದನ್ನ ನಿಲ್ಲಿಸ್ಬಿಡು" ಎಂದರು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಕೂತೆ, ಎದ್ದೆ, ಮತ್ತೆ ಕೂತೆ. ತಿಥಿಯ ಲೆಕ್ಕ ನನ್ನದಲ್ಲ. ಯಾರೋ ಬರೆದು ಎಲ್ಲರ ಬಳಕೆಗೂ ಬಿಟ್ಟುಕೊಟ್ಟ ಸಿದ್ಧ ಪ್ರೋಗ್ರಾಮಿನದು, ನಮ್ಮ ಭಾಷೆಯಲ್ಲಿ ಲೈಬ್ರರಿ. ಶ್ರಾದ್ಧಕ್ಕೆ ಸೂರ್ಯೋದಯದ ತಿಥಿ ಬರುವುದಿಲ್ಲ, ಅಪರಾಹ್ನದ್ದು, ಅಂದರೆ ಮಧ್ಯಾಹ್ನ ತಿರುಗಿದ ಹೊತ್ತಿನದು ಬೇಕು. ಹಳೆಯ ಆವೃತ್ತಿ ಕೇಳಿದರೆ ಕೊಡುತ್ತಿತ್ತು. ಹೋದ ವಾರ ಅಪ್‌ಗ್ರೇಡ್ ಮಾಡಿದ ಮೇಲೆ ಅಪರಾಹ್ನ ಎಂದು ಕೇಳಿದರೂ ಸದ್ದಿಲ್ಲದೆ ಸೂರ್ಯೋದಯದ್ದನ್ನೇ ಕೊಡುತ್ತಿದೆ. ಹಳೆಯ ಆವೃತ್ತಿಗೇ ಹಿಂದಿರುಗೋಣವೆಂದರೆ ಹೊಸ ಸರ್ವರ್‌ನಲ್ಲಿ ಅದು ನಡೆಯುವುದಿಲ್ಲ. ಬದಲಾವಣೆಯ ವಿವರ ಎಂದು ಬರೆದಿದ್ದು ಎರಡೇ ಪದ: ಕೆಲವು ಸುಧಾರಣೆಗಳು. ಯಾರನ್ನು ಉದ್ಧಾರ ಮಾಡುವ ಸುಧಾರಣೆಯೋ!

ಬರೆದವರ ಹೆಸರು ಅನಂತಪದ್ಮನಾಭ. ಕೆಳಗೆ ವಿಳಾಸವಿತ್ತು: ಸರಸ್ವತಿಪುರಂ, ಮೈಸೂರು. ನಮ್ಮೂರೇ. ಇಮೇಲ್‌ಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಸ್ಕೂಟರ್ ತೆಗೆದೆ. ದಾರಿಯುದ್ದಕ್ಕೂ ಏನೇನು ಕೇಳಬೇಕೆಂದು ಜೋಡಿಸಿಕೊಂಡೆ. ಸಿಗ್ನಲ್‌ನಲ್ಲಿ ಪಕ್ಕದವರು ತಿರುಗಿ ನೋಡಿದರು. ಬಹುಶಃ ಗಟ್ಟಿಯಾಗಿಯೇ ಬೈದುಕೊಳ್ಳುತ್ತಿದ್ದೆ.

ಬಾಗಿಲು ತೆಗೆದವರು ಅನಂತಪದ್ಮನಾಭ ಅವರೇ, ನಿವೃತ್ತ ಗಣಿತದ ಮೇಷ್ಟ್ರು, ಎಪ್ಪತ್ತು ದಾಟಿದವರು. ಒಳಗೆ ಕರೆಯುವ ಮೊದಲೇ ನಾನು ಎಲ್ಲವನ್ನೂ ಒದರಿಬಿಟ್ಟೆ. ಅವರು ಕೊನೆಯವರೆಗೂ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಅಪರಾಹ್ನದ ಲೆಕ್ಕಾನ ಯಾರೂ ಉಪಯೋಗಿಸ್ತಿಲ್ಲ ಅಂದ್ಕೊಂಡು ತೆಗೆದ್ಬಿಟ್ಟೆ. ಇಷ್ಟು ವರ್ಷದಲ್ಲಿ ಒಬ್ರೂ ಏನೂ ಕೇಳ್ಲಿಲ್ಲ. ನೀವೇ ಮೊದಲು."

ಅವರ ಲೆಕ್ಕವನ್ನು ವರ್ಷಗಟ್ಟಲೆ ಬಳಸಿದ ನಾನು ಅವರಿಗೆ ಒಂದು ಸಾಲನ್ನೂ ಬರೆದಿರಲಿಲ್ಲ. ನಾಚಿಕೆಯಾಯಿತು.

ಅವರು ಆಗಲೇ ಕೂತು ಅದನ್ನು ಮತ್ತೆ ಸೇರಿಸಿದರು. ಏನು ಬದಲಾಯಿತು ಎಂಬ ವಿವರ ಬರೆಯುವ ಕೆಲಸ ಮಾತ್ರ ನನ್ನ ತಲೆಗೆ ಕಟ್ಟಿದರು. ಬರೆಯುತ್ತಾ ಒಂದು ಕಡೆ ಸಿಕ್ಕಿಕೊಂಡೆ. ಎರಡು ದಿನವೂ ಅಪರಾಹ್ನಕ್ಕೆ ಅದೇ ತಿಥಿ ಇದ್ದರೆ ಶ್ರಾದ್ಧ ಯಾವತ್ತು? ಮೇಷ್ಟ್ರು ಅಡ್ಡಡ್ಡ ತಲೆಯಾಡಿಸಿದರು. ಅವರ ಪ್ರೋಗ್ರಾಮು ಮೊದಲ ದಿನವನ್ನೇ ಕೊಡುತ್ತದೆ, ಅದು ಸರಿಯೋ ತಪ್ಪೋ ಅವರಿಗೇ ಗೊತ್ತಿಲ್ಲ, ಬಲ್ಲವರನ್ನು ಕೇಳಬೇಕು ಎಂದರು.

ನಾನು ಮನೆಗೆ ಬಂದಾಗ ಅಪ್ಪ ಶ್ರಾದ್ಧದ ಊಟ ಮುಗಿಸಿ ಬಂದು, ಫೋನ್ ಕೈಯಲ್ಲಿ ಹಿಡಿದು ಮೊದಲ ನಂಬರು ಹುಡುಕುತ್ತಿದ್ದರು. ಸರಿಹೋಯಿತು ಎಂದೆ. ತಲೆಯಾಡಿಸಿದರು, ಫೋನ್ ಕೆಳಗಿಡಲಿಲ್ಲ. ಆಗ ಆ ಪ್ರಶ್ನೆ ಕೇಳಿದೆ.

ಅಪ್ಪನ ಬೆರಳು ನಿಂತಿತು. "ಇದನ್ನ ಪವಮಾನ ಒಂದು ದಿನಾನೂ ಕೇಳಿರ್ಲಿಲ್ಲ" ಎಂದರು.

ಎರಡು ದಿನದಲ್ಲಿ ಯಾವತ್ತಿನ ಅಪರಾಹ್ನದಲ್ಲಿ ತಿಥಿ ಹೆಚ್ಚು ಹೊತ್ತು ಇರುತ್ತದೆಂದು ನೋಡಬೇಕು ಎಂದು ಶುರುಮಾಡಿದವರು, ಅಲ್ಲಿಗೇ ನಿಲ್ಲಿಸಿ ನನ್ನನ್ನು ನೋಡಿದರು. "ಹೀಗೆ ಮಧ್ಯದಿಂದ ಹೇಳಿದ್ರೆ ಆಗಲ್ಲ. ಕೂತ್ಕೋ, ಮೊದಲಿಂದ ಹೇಳ್ತೀನಿ."

ನಾನು ಅವರ ಎದುರಿಗೆ ಕೂತೆ.