ಕುಟುಂಬದ ಫಂಕ್ಷನ್, ಬುಧವಾರ, ಎರಡನೇ ಪೀರಿಯಡ್

೧
ಎಲ್ಲಿಂದ ಶುರು ಮಾಡುವುದು? ಕಾರ್ಕಳದ ಬಂಡೆಯಿಂದ ಶುರು ಮಾಡಿ ಒಂದು ಪುಟ ಬರೆದೆ. ಬಂಡೆಗೆ ಈ ಕಥೆಯಲ್ಲಿ ಯಾವ ಕೆಲಸವೂ ಇಲ್ಲವೆಂದು ಹೊಳೆದು ಹರಿದು ಹಾಕಿದೆ. (ಪ್ರತಿಯೊಂದಕ್ಕೂ ಏನಾದರೊಂದು ಕೆಲಸ ಇರಲೇಬೇಕೆನ್ನುವ ಚಟ ನನಗೂ ಇದೆ. ಕಥೆಯೂ ಅದರದ್ದೇ.)

೨
೨೦೦೩, ಉಡುಪಿಯ ಒಂದು ಕಾಲೇಜು. ವೇದಾವತಿ ಮೇಡಂ ಬಿ.ಎ. ಮಕ್ಕಳಿಗೆ ಸಮಾಜಶಾಸ್ತ್ರ ಕಲಿಸುತ್ತಾರೆ. ಸಮಾಜವೆಂದರೆ ಒಂದು ದೇಹ. ಕುಟುಂಬ, ಧರ್ಮ, ಶಾಲೆ, ಎಲ್ಲಕ್ಕೂ ಒಂದೊಂದು ಫಂಕ್ಷನ್, ಯಾವುದೂ ಸುಮ್ಮನೆ ಇರುವುದಿಲ್ಲ. ಪುಸ್ತಕದಲ್ಲಿ ಅದಕ್ಕೆ ‘ಪ್ರಕಾರ್ಯ’ ಎಂದಿದೆ. ಮೇಡಂ ಬಾಯಲ್ಲಿ ಮಾತ್ರ ಫಂಕ್ಷನ್ನೇ. ಸೋಮವಾರ ಗಂಟೆ ಬಾರಿಸಿದಾಗ ಹೇಳಿದರು:

“ಬುಧವಾರ ಕುಟುಂಬದ ಫಂಕ್ಷನ್ ಉಂಟು. ಯಾರೂ ತಪ್ಪಿಸಬಾರದು, ಆಯ್ತಾ?”

ಅದೇ ವಾರದ ಭಾನುವಾರ, ಕಾಪು ಹತ್ತಿರದ ಇನ್ನಂಜೆಯ ಅವರ ಮನೆಯಲ್ಲಿ ಮಗಳು ಶರ್ವಾಣಿಯ ನಿಶ್ಚಿತಾರ್ಥ. ಮುಂದಿನ ಬೆಂಚಿನವರಿಗೆಲ್ಲ ಹೇಳಿಕೆ ಹೋಗಿತ್ತು. ಹಿಂದಿನ ಬೆಂಚಿನ ಜಯಮಾಲಾಳಿಗೆ ಇಲ್ಲ. ಗದಗದ ಕಡೆಯಿಂದ ಮಣಿಪಾಲಕ್ಕೆ ಕಟ್ಟಡದ ಕೆಲಸಕ್ಕೆ ಬಂದ ರಾಚವ್ವನ ಮಗಳು ಅವಳು, ಓದಿದ್ದೆಲ್ಲ ಇಲ್ಲಿಯೇ. ‘ಮೇಡಂ ಮನೆ ಫಂಕ್ಷನ್’ ಎಂಬ ಮಾತು ಅವಳ ಕಿವಿಗೂ ಬಿದ್ದಿತ್ತು. ಈಗ ಮೇಡಮ್ಮೇ ಬಾಯಿಬಿಟ್ಟು ಕರೆದರು, ಅವಳನ್ನೂ ಸೇರಿಸಿ!

ಕೆಲಸಗಾರರ ಶೆಡ್ಡಿನಲ್ಲಿ ರಾಚವ್ವ ಹಿಗ್ಗಿದಳು. “ಬರಿಗೈಲೆ ಹೋಗಬ್ಯಾಡವಾ. ಅಷ್ಟು ದೊಡ್ಡ ಮಂದಿ ಕರದಾರ.”

೩
ಬುಧವಾರ. ಅವ್ವನ ಇಳಕಲ್ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ತೆಂಗಿನಕಾಯಿ, ರವಿಕೆ ಕಣ. ಎಲ್ಲರೂ ಕ್ಲಾಸಿನಿಂದ ಒಟ್ಟಿಗೇ ಹೊರಡುತ್ತಾರೆಂದುಕೊಂಡು ಜಯಮಾಲಾ ಬಾಗಿಲಿಗೆ ಬಂದಳು. ಬೋರ್ಡಿನ ಮೇಲೆ ‘ಕುಟುಂಬದ ಫಂಕ್ಷನ್‌ಗಳು: ಸಂತಾನೋತ್ಪತ್ತಿ, ಸಾಮಾಜೀಕರಣ’ ಎಂದು ಬರೆದಿತ್ತು.

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕ್ಲಾಸು. ಮೇಡಂ ಕೂಡ.

“ಅಯ್ಯೋ, ಇದು ಪಾಠ ಮಾರಾಯ್ತಿ, ಊಟ ಅಲ್ಲ!”

(ನಗುವಿಗೂ ಒಂದು ಫಂಕ್ಷನ್ ಉಂಟಂತೆ: ನಗುವವರೆಲ್ಲ ಒಂದಾಗುತ್ತಾರೆ. ಬರೆಯುವಾಗ ನನಗೂ ನಗು ಬಂತು. ನಾಚಿಕೆಯಾಗುತ್ತಿದೆ.)

೪
ಅಂತ್ಯ ಒಂದು: “ಭಾನುವಾರ ನಮ್ಮ ಮನೆಗೆ ನೀನೂ ಬಾ” ಎನ್ನುತ್ತಾರೆ ಮೇಡಂ. ಬರೆದು ತೋರಿಸಿದೆ. ವೇದಾವತಿ ಒಪ್ಪಲಿಲ್ಲ.

“ಈಗ ಕರೆದರೆ ಅದು ಕರೆದ ಹಾಗಾ ಮಾರಾಯ್ರೆ? ಮೊದಲು ಬಿಟ್ಟಿದ್ದೆ ಅಂತ ನಾನೇ ಸಾರಿದ ಹಾಗೆ. ಮತ್ತೆ ಅವಳನ್ನು ಕೂರಿಸುವುದು ಎಲ್ಲಿ? ನಮ್ಮ ಅತ್ತೆ ಇರ್ತಾರೆ...”

ಮಾತು ಅಲ್ಲಿಗೇ ನಿಲ್ಲಿಸಿ ಬೋರ್ಡ್ ಒರೆಸತೊಡಗಿದರು. ಆಗಲೇ ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದರು.

ಅಂತ್ಯ ಎರಡು: ಜಯಮಾಲಾಳಿಗೆ ರ‍್ಯಾಂಕ್. (ಹೊಡೆದು ಹಾಕಿದ್ದೇನೆ. ಅವಮಾನಕ್ಕೆ ರ‍್ಯಾಂಕಿನ ಮುಲಾಮು ಹಚ್ಚಿ ಕೈ ತೊಳೆದುಕೊಳ್ಳುವುದು ನಮ್ಮಂಥವರಿಗೆ ಸಲೀಸು.)

೫
ಜಯಮಾಲಾ ಇನ್ನೂ ಬಾಗಿಲಲ್ಲೇ ಇದ್ದಳು. ನನ್ನತ್ತ ತಿರುಗಿದಳು.

“ಸರ್, ಈ ಕಥೆಯಲ್ಲಿ ನನ್ನ ಫಂಕ್ಷನ್ ಎಂತದು?”

ಉತ್ತರ ನನಗೆ ಗೊತ್ತಿತ್ತು. ಮೇಡಂಗೆ ನಾಚಿಕೆ ಹುಟ್ಟಿಸುವುದು, ಓದುಗರ ಕಣ್ಣು ಒದ್ದೆ ಮಾಡುವುದು. ಅಷ್ಟಕ್ಕಾಗಿ ಅವಳಿಗೆ ಸೀರೆ ಉಡಿಸಿ ಎಲ್ಲರೆದುರು ನಿಲ್ಲಿಸಿದ್ದೆ.

“ಅದು ಇರಲಿ. ಊಟಕ್ಕೆ ಎಂತೆಂತ ಇತ್ತು ಅಂತ ಅವ್ವ ಕೇಳ್ತಾಳೆ. ಎಂತ ಹೇಳುವುದು?”

“ಹೋಳಿಗೆ ಇತ್ತು ಅಂತ ಹೇಳು.”

“ನೀವೇ ಹೇಳಿ ಸರ್. ನಿಮಗೆ ಅಭ್ಯಾಸ ಉಂಟಲ್ಲ.”

೬
ಹೀಗಾಗಿ ಶೆಡ್ಡಿನ ಮುಂದೆ ನಿಂತಿದ್ದೇನೆ. ಹೋಳಿಗೆ ಎಂದೆ, ಪಾಯಸ ಎಂದೆ, ಎರಡೆರಡು ಸಲ ಬಡಿಸಿದರು ಎಂದೆ. ಸುಳ್ಳು ಸರಾಗವಾಗಿಯೇ ಬಂತು. ರಾಚವ್ವನ ಮುಖ ಅರಳಿತು.

“ಪಂಕ್ತಿಯೊಳಗ ನನ್ನ ಮಗಳ ಬಾಜೂಕ ಯಾರ್ ಕುಂತಿದ್ರರೀ ಸರ?”

ಇದಕ್ಕೊಂದು ಹೆಸರು ಬೇಕು. ನನ್ನ ಹತ್ತಿರ ಇರುವುದೆಲ್ಲ ನಕ್ಕವರ ಹೆಸರುಗಳು.

ಓದುಗರೇ, ನಿಮ್ಮ ಹೆಸರು ಹೇಳಬಹುದಾ?