ಸುಮೋ ಬೆನ್ನಿನ ಮುಖ

ಹಾಪೋಲಿ ಪೇಟೆಯ ಸುಮೋ ಸ್ಟ್ಯಾಂಡಿನಲ್ಲಿ ಮಾಮುಂಗ್ ಅಜ್ಜಿ ತನ್ನ ಮುಖವನ್ನು ತಾನೇ ಗುರುತು ಹಿಡಿಯಲಿಲ್ಲ. ಹಣೆಗೆ ಪಟ್ಟಿ ಕೊಟ್ಟು ಬೆನ್ನಿಗೆ ಹೊತ್ತ ಬುಟ್ಟಿಯ ತುಂಬ ಒಣ ಕಳಲೆ, ಕೈಯಲ್ಲೊಂದು ಕೊಡೆ, ಜೊತೆಗೆ ಎಪ್ಪತ್ತೆಂಟು ವರ್ಷದ ಮಂಡಿನೋವು. ಇಷ್ಟನ್ನೂ ಸಾವರಿಸಿಕೊಂಡು ನಿಂತಿದ್ದಾಗ ಎದುರಿಗಿದ್ದ ಹಳದಿ ಸುಮೋದ ಹಿಂಬದಿಯ ಗಾಜಿನ ತುಂಬ ಒಬ್ಬ ಮುದುಕಿಯ ಚಿತ್ರ ಕಂಡಿತು. ಹಣೆಯಿಂದ ಮೂಗಿನ ತುದಿಯವರೆಗೆ ಇಳಿದ ನೀಲಿ ಹಚ್ಚೆ, ಗಲ್ಲದ ಮೇಲೆ ಐದು ಗೆರೆ, ಎರಡೂ ಹೊಳ್ಳೆಗಳಲ್ಲಿ ಕಪ್ಪು ಬಿರಡೆ.

“ಯಾರೇ ಈ ಚೆಲುವೆ?” ಎಂದು ಪಕ್ಕದಲ್ಲಿದ್ದ ಯಾಮಿಯನ್ನು ಕೇಳಿದಳು. ಯಾಮಿ ಅವಳ ಊರಿನ ಶಾಲೆಯ ಟೀಚರು, ಪೇಟೆಗೆ ಜೊತೆಯಾಗಿ ಬಂದವಳು.

“ನೀನೇ ಅಜ್ಜಿ.”

ಅಜ್ಜಿ ಕಣ್ಣು ಕಿರಿದುಮಾಡಿ ನೋಡಿದಳು. ಹೌದಲ್ಲ! ಒಳಗೊಳಗೇ ಒಂದು ಖುಷಿ ಎದ್ದಿತು, ಸುಳ್ಳೇಕೆ ಹೇಳಬೇಕು. “ಕೆಳಗೆ ಏನೋ ಬರೆದವ್ರೆ. ಓದು ನೋಡೋಣ.”

“ಏನಿಲ್ಲ ಬಾ ಅಜ್ಜಿ, ನಮ್ಮ ಗಾಡಿ ಹೊರಡುತ್ತೆ.”

“ಓದು ಅಂದ್ನಲ್ಲ. ಮಕ್ಕಳಿಗೆ ಓದೋದು ಕಲಿಸೋಳಿಗೆ ಎರಡು ಸಾಲು ಓದೋಕೆ ಆಗಲ್ವಾ?”

ಯಾಮಿ ನೆಲ ನೋಡುತ್ತ ಓದಿದಳು. “ಕುರೂಪಿಗಳಾಗಲೆಂದೇ ಮುಖ ಕೆಡಿಸಿಕೊಂಡ ಹೆಂಗಸರು. ಇನ್ನು ಕೆಲವರು ಮಾತ್ರ ಬದುಕಿದ್ದಾರೆ. ಅವರು ಸಾಯುವ ಮುಂಚೆ ಬಂದು ನೋಡಿ.”

ಅಜ್ಜಿಯ ಖುಷಿ ಅಲ್ಲೇ ಸತ್ತಿತು. ಗಾಡಿ ತಾಸ್ಸೊನದು ಎಂದು ಯಾಮಿ ಹೇಳಿದಾಗ ಮೈಯೆಲ್ಲ ಉರಿದುಹೋಯಿತು. ತಾಸ್ಸೊ ಬೇರೆ ಯಾರೋ ಅಲ್ಲ, ಅವಳ ಗೆಳತಿ ದಿಂಡುಂಗಳ ಮಗ. ಅವಳೂ ದಿಂಡುಂಗೂ ಒಂದೇ ದಿನ, ಒಂದೇ ಅಂಗಳದಲ್ಲಿ, ಒಬ್ಬಳ ತಲೆಯನ್ನು ಇನ್ನೊಬ್ಬಳು ತೊಡೆಯ ಮೇಲಿಟ್ಟುಕೊಂಡು ಮುಳ್ಳಿನಿಂದ ಹಚ್ಚೆ ಚುಚ್ಚಿಸಿಕೊಂಡವರು. ಹತ್ತು ವರ್ಷದ ಹುಡುಗಿಯರು. ಮುಖ ಊದಿಕೊಂಡು ನಾಲ್ಕು ದಿನ ಗಂಜಿ ಕುಡಿದಿದ್ದರು. ಐದನೆಯ ದಿನ ಗದ್ದೆಯ ನೀರಿನಲ್ಲಿ ಮುಖ ನೋಡಿಕೊಂಡು, ನಾನು ಚೆಂದವೋ ನೀನು ಚೆಂದವೋ ಎಂದು ಜಗಳವಾಡಿದ್ದರು. ದಿಂಡುಂಗ್ ಸತ್ತು ಆರು ವರ್ಷವಾಗಿತ್ತು.

ಹೋದ ಚಳಿಗಾಲದಲ್ಲಿ ಇದೇ ತಾಸ್ಸೊ ಅಜ್ಜಿಯ ಒಲೆಯ ಪಕ್ಕ ಕೂತು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ತಿಂದು, ಎರಡು ಬೋಗುಣಿ ಅಕ್ಕಿಮದ್ಯ ಇಳಿಸಿ, “ಅವ್ವಂದು ಒಂದು ಫೋಟೋನೂ ಉಳಿದಿಲ್ಲ ಅಜ್ಜಿ. ನಿಂದು ತೆಗೆದು ಗೋಡೆಗೆ ಹಾಕ್ಕೋತೀನಿ, ಅವ್ವ ಅಂದ್ಕೋತೀನಿ” ಎಂದಿದ್ದ. ಅಜ್ಜಿ ಹೊಸ ಶಾಲು ಹೊದ್ದು ಕೂತಿದ್ದಳು. ಕಣ್ಣೊರೆಸಿಕೊಂಡೂ ಇದ್ದಳು.

ಟಿಕೆಟ್ ಕೊಡುವ ಗೂಡಿನ ಮುಂದೆ ಅವನು ಚಹಾ ಕುಡಿಯುತ್ತಿದ್ದ. ಅಜ್ಜಿ ಬುಟ್ಟಿ ಇಳಿಸದೆಯೇ ಹೋಗಿ ನಿಂತಳು.

“ಏನೋ ಅದು, ಗಾಡಿ ಹಿಂದೆ?”

“ಓಹೋ, ನೋಡ್ದಾ? ದೊಡ್ಡದಾಗಿ ಬಂದಿದೆ ಅಲ್ವಾ? ಸಿನಿಮಾದೋರಿಗೂ ಇಷ್ಟು ದೊಡ್ಡ ಫೋಟೋ ಇರಲ್ಲ ಅಜ್ಜಿ.”

“ಕುರೂಪಿ ಅಂತ ಬರೆಸಿದೀಯಂತೆ.”

“ಅಯ್ಯೋ, ಅದು ಪ್ರವಾಸಿಗರಿಗೆ. ಬೇರೆ ಬುಡಕಟ್ಟಿನೋರು ನಮ್ಮ ಹುಡುಗೀರನ್ನ ಹೊತ್ಕೊಂಡು ಹೋಗ್ತಿದ್ರು, ಅದಕ್ಕೇ ದೊಡ್ಡೋರು ಅವರ ಮುಖ ಕೆಡಿಸಿಬಿಟ್ರು ಅಂತ ಕಥೆ. ಎಲ್ಲ ಗೈಡುಗಳೂ ಹೇಳೋದು ಅದನ್ನೇ. ಅವರಿಗೆ ಕೇಳೋಕೆ ಮಜಾ, ನಮಗೆ ಗಾಡಿ ತುಂಬುತ್ತೆ.”

“ಹಚ್ಚೆ ಇಲ್ಲದ ಹುಡುಗೀನ ನಮ್ಮ ಕಾಲದಲ್ಲಿ ಯಾವನೂ ತಿರುಗಿ ನೋಡ್ತಿರಲಿಲ್ಲ ಕಣೋ. ಚೆಂದಕ್ಕೆ ಹಾಕಿಸ್ಕೊಂಡಿದ್ದು. ನಿಮ್ಮಪ್ಪ ನಿಮ್ಮವ್ವನ ಗಲ್ಲದ ಗೆರೆ ನೋಡೇ ಎರಡು ವರ್ಷ ಅವಳ ಹಿಂದೆ ಸುತ್ತಿದ್ದ.”

ತಾಸ್ಸೊ ಚಹಾದ ಲೋಟ ಕೆಳಗಿಟ್ಟು ಬೇಸರದಿಂದ ನಕ್ಕ. “ಹಂಗಂತ ನಿಮ್ಮನ್ನ ನಂಬಿಸಿದ್ರು ಅಜ್ಜಿ. ಅವ್ವಂಗೂ ಹಂಗೇ ಮಾಡಿದ್ರು. ಪಾಪ.”

ಬೈದಿದ್ದರೆ ಅಜ್ಜಿ ತಿರುಗಿ ಬೈಯುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನು ‘ಪಾಪ’ ಅಂದ. ಸ್ಟ್ಯಾಂಡಿನಲ್ಲಿದ್ದ ಡ್ರೈವರುಗಳೆಲ್ಲ ಕೇಳುವಂತೆ ಅಜ್ಜಿ ಹೇಳಿದಳು: “ನಾಳೆ ಬೆಳಗ್ಗೆ ನಿನ್ನ ಬಾಗಿಲಿಗೆ ಬರ್ತೀನಿ. ನಾನು ನಿನ್ನ ಮೇಲೆ ಲಿಸುದು ಹಾಕಿದೀನಿ.”

ಲಿಸುದು ಎಂದರೆ ಹುಡುಗಾಟವಲ್ಲ. ಮಾನ ಹೋದವನು ಎದುರಾಳಿಯ ಮೈ ಮುಟ್ಟುವುದಿಲ್ಲ, ಆಸ್ತಿ ಮುಟ್ಟುವುದಿಲ್ಲ. ತನ್ನ ಆಸ್ತಿಯನ್ನೇ ಅವನ ಬಾಗಿಲ ಮುಂದೆ ತಂದು ಹಾಳುಮಾಡುತ್ತಾನೆ. ಆಮೇಲೆ ಎದುರಾಳಿ ಅಷ್ಟೇ ಬೆಲೆಯ ತನ್ನದನ್ನು ಹಾಳುಮಾಡಬೇಕು, ಇಲ್ಲವೇ ತಪ್ಪೊಪ್ಪಿಕೊಳ್ಳಬೇಕು. ಎರಡೂ ಮಾಡದವನು ಊರಿನ ಪಾಲಿಗೆ ಸತ್ತಂತೆ.

ಅಜ್ಜಿಗೆ ಇದ್ದದ್ದು ಒಂದೇ ಒಂದು ಮಿಥುನ್, ಕಾಡಿನಲ್ಲೇ ಮೇಯುವ ದೊಡ್ಡ ಕೊಂಬಿನ ದನ. ಗಂಡ ಸತ್ತ ವರ್ಷ ಕರುವಾಗಿದ್ದದ್ದನ್ನು ಅಂಗೈಯಲ್ಲಿ ಉಪ್ಪು ನೆಕ್ಕಿಸಿ ನೆಕ್ಕಿಸಿ ಹದಿಮೂರು ವರ್ಷ ಸಾಕಿದ್ದಳು. ಅದು ಅವಳ ಸಾವಿಗೆಂದು ಇಟ್ಟ ದನ. ಅವಳು ಸತ್ತ ದಿನ ಅದನ್ನು ಕಡಿಯಬೇಕು, ಅದು ಅವಳ ಹಿಂದೆ ಸತ್ತವರ ಊರಾದ ನೇಲಿಗೆ ನಡೆದು ಹೋಗಬೇಕು. ದನವಿಲ್ಲದೆ ಹೋದವಳು ಅಲ್ಲಿ ಬಡವಿ, ಎಂದೆಂದಿಗೂ ಬಡವಿ.

ಮಗ ಖೋದಾ ತಲೆ ತಲೆ ಚಚ್ಚಿಕೊಂಡ. “ಅವ್ವಾ, ಯಾವನೋ ಎಲುಬಿಲ್ಲದ ನಾಲಿಗೇಲಿ ಏನೋ ಅಂದ ಅಂತ ನಿನ್ನ ದಾರಿ ದನ ಕಡೀತೀಯಾ? ನಾಳೆ ನೀನು ಹೋದ್ರೆ ನಾನೆಲ್ಲಿಂದ ತರ್ಲಿ?”

“ತರಬೇಡ. ಬರಿಗೈಲಿ ಹೋಗ್ತೀನಿ. ಕುರೂಪಿ ಅಂತ ಹಣೆಪಟ್ಟಿ ಕಟ್ಕೊಂಡು ಹೋಗೋದಕ್ಕಿಂತ ವಾಸಿ.”

ರಾತ್ರಿಗೆ ಮುಂಚೆಯೇ ಊರಿನ ಹಿರಿಯ ತಾಲ್ಯಾಂಗ್ ಗಾಂವ್ ಬುಢಾ ಎಂದರೆ ಊರ ಮುಖ್ಯಸ್ಥನಿಗೆ ಸರ್ಕಾರ ಕೊಡುವ ಕೆಂಪು ಕೋಟು ಹಾಕಿಕೊಂಡೇ ಬಂದ. ಅದನ್ನು ಹಾಕಿಕೊಂಡರೆ ಅವನ ಮಾತಿಗೂ ತೂಕ ಬರುತ್ತದೆಂದು ಅವನ ನಂಬಿಕೆ. “ಮಾಮುಂಗಕ್ಕಾ, ನಲವತ್ತು ವರ್ಷದಿಂದ ಯಾರೂ ಲಿಸುದು ಮಾಡಿಲ್ಲ. ಹೆಂಗಸರಂತೂ ಯಾವತ್ತೂ ಮಾಡಿಲ್ಲ.”

“ಗಂಡಸರ ಮುಖದ ಕೆಳಗೆ ಯಾರೂ ಹಿಂಗೆ ಬರೆದಿರಲಿಲ್ಲವಲ್ಲ.”

“ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ, ಅಕ್ಕ.”

“ನನ್ನ ಮೂಗಿನ ವಿಷಯ ಈಗ ಊರಿಗೆಲ್ಲ ಬೇಕಾಗಿದೆ ನೋಡು!” ಎಂದು ಅಜ್ಜಿ ಗದರಿದಳು. ತಾಲ್ಯಾಂಗ್ ಕೋಟಿನ ಗುಂಡಿ ಮುಟ್ಟಿಕೊಂಡು ಎದ್ದುಹೋದ.

ಬೆಳಗ್ಗೆ ಪೈನ್ ತೋಪಿನ ಅಂಚಿನಲ್ಲಿ ನಿಂತು ಅಜ್ಜಿ ಕೂಗಿದಾಗ ಮಿಥುನ್ ಬಂತು. ಉಪ್ಪು ನೆಕ್ಕಿತು. ಹಗ್ಗ ಹಾಕಿದರೂ ಸುಮ್ಮನಿತ್ತು, ಏಕೆಂದರೆ ಆ ಕೈ ಎಂದೂ ಅದಕ್ಕೆ ಕೆಡುಕು ಮಾಡಿರಲಿಲ್ಲ. ಗದ್ದೆಯ ಬದುವಿನ ಮೇಲೆ, ನೀರಲ್ಲಿ ಮೀನುಮರಿಗಳು ಪುಳಕ್ಕೆಂದು ಹಾರುವ ದಾರಿಯಲ್ಲಿ, ಅದು ಅವಳ ಹಿಂದೆ ನಡೆಯಿತು. ಅಜ್ಜಿ ಒಮ್ಮೆಯೂ ತಿರುಗಿ ನೋಡಲಿಲ್ಲ. ತಿರುಗಿದ್ದರೆ ವಾಪಸು ಹೋಗುತ್ತಿದ್ದೆ ಎಂದು ಅವಳೇ ಆಮೇಲೆ ಯಾಮಿಗೆ ಹೇಳಿದಳು.

ತಾಸ್ಸೊ ಮನೆಯನ್ನೇ ಪ್ರವಾಸಿಗರ ವಸತಿ ಮಾಡಿಕೊಂಡಿದ್ದ. ಜಗುಲಿಯಲ್ಲಿ ದೂರದ ಊರಿನ ಗಂಡಹೆಂಡತಿ ಆಮ್ಲೆಟ್ ತಿನ್ನುತ್ತಿದ್ದರು. ಊರೆಲ್ಲ ಸೇರಿತ್ತು. ಖೋದಾ ಕೊಡಲಿ ಹಿಡಿದು ಅವ್ವನ ಮುಖ ನೋಡಿದ. ಅವ್ವ ತಲೆಯಾಡಿಸಿದಳು. ಎರಡೇ ಏಟು. ನೆಲ ಅದುರಿತು.

ಆ ಪ್ರವಾಸಿಗರು ಹೆದರಿ ಓಡಿದ್ದರೆ ಚೆನ್ನಾಗಿತ್ತು. ಓಡಲಿಲ್ಲ, ಮೊಬೈಲು ಹಿಡಿದು ನಿಂತರು. ತಾಸ್ಸೊ ಒಳಗಿಂದ ಬಂದವನು ಒಂದು ಕ್ಷಣ ಬಿಳಿಚಿಕೊಂಡ. ಆಮೇಲೆ ಆ ಹೆಂಗಸು ಏನೋ ಕೇಳಿದಳು, ಅವನು ಹಲ್ಲುಕಿರಿದು ಹಿಂದಿಯಲ್ಲಿ ಏನೋ ಹೇಳಿದ. ಇಬ್ಬರೂ ಚಪ್ಪಾಳೆ ತಟ್ಟಿದರು.

“ಏನಂದ?” ಎಂದಳು ಅಜ್ಜಿ.

ಯಾಮಿ ಹೇಳಿದಳು. “ಇದು ನಮ್ಮ ಹಳೇ ಆಚರಣೆ, ದೂರದಿಂದ ಬಂದ ನಿಮ್ಮನ್ನ ಸ್ವಾಗತಿಸೋಕೆ ಮಾಡಿದಾರೆ ಅಂದ ಅಜ್ಜಿ.”

ಹದಿಮೂರು ವರ್ಷ ಉಪ್ಪು ನೆಕ್ಕಿದ ಪ್ರಾಣಿ ಕಾಲು ಚಾಚಿ ಬಿದ್ದಿತ್ತು, ಅದರ ಮುಂದೆ ಚಪ್ಪಾಳೆ. ಥೂ ಎಂದು ಅಜ್ಜಿ ಅವನ ಹೊಸ್ತಿಲಿಗೆ ಉಗಿದು ನಡೆದಳು. ಮಾಂಸವನ್ನು ಊರಿನ ಒಂದೊಂದು ಮನೆಗೂ ಪಾಲು ಹಾಕಿದರು. ತಾಸ್ಸೊ ಮನೆಗೆ ಪಾಲು ಹೋಗಲಿಲ್ಲ.

ಉತ್ತರ ಕೊಡದೆ ಎರಡು ದಿನ ತಳ್ಳಿದ ತಾಸ್ಸೊ, ಊರಿನ ಸಿಟ್ಟು ತನ್ನನ್ನೇನು ಮಾಡೀತು ಎಂದುಕೊಂಡಿದ್ದ. ನಲ್ಲಿಯ ಹತ್ತಿರ ಅವನ ಹೆಂಡತಿ ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಅವನ ಗಾಡಿಯಲ್ಲಿ ಮುಂದಿನ ಸೀಟೇ ಖಾಲಿ ಇದ್ದರೂ ಜನ ಮಳೆಯಲ್ಲಿ ನಿಂತು ಬೇರೆ ಗಾಡಿಗೆ ಕಾಯುತ್ತಿದ್ದರು. ಇದಕ್ಕೆಲ್ಲ ಅವನು ಜಗ್ಗಲಿಲ್ಲ. ಪ್ರವಾಸಿಗರಿದ್ದಾರಲ್ಲ! ನಾಚಿಕೆ ಬಿಟ್ಟವನು ಊರಿಗೇ ದೊಡ್ಡವನು ಅಂತಾರಲ್ಲ, ಹಾಗೆ.

ಮೂರನೆಯ ದಿನ ಆ ಗಂಡಹೆಂಡತಿಯನ್ನು ನಾಹರ್‌ಲಗೂನಿನ ರೈಲಿಗೆ ಬಿಡಬೇಕಿತ್ತು. ಸ್ಟ್ಯಾಂಡಿನಲ್ಲಿ ಹೊರಡುವ ಗಾಡಿಗಳಿಗೆಲ್ಲ ಸರತಿಯ ಚೀಟಿ ಬೇಕು. ಗೂಡಿನಲ್ಲಿದ್ದ ಡ್ರೈವರು ಚೀಟಿ ಹರಿಯಲಿಲ್ಲ. “ಲಿಸುದುಗೆ ಉತ್ತರ ಕೊಡದೋನಿಗೆ ಸರತಿ ಇಲ್ಲ ತಾಸ್ಸೊ. ನಮ್ಮ ಮನೇಲೂ ಹಚ್ಚೆ ಇರೋ ಅಜ್ಜೀರಿದಾರೆ.”

ಮಧ್ಯಾಹ್ನ ಹಳದಿ ಸುಮೋ ಮಾಮುಂಗ್ ಅಜ್ಜಿಯ ಬಾಗಿಲಿಗೆ ಬಂದು ಕಿರ್ರೆಂದು ನಿಂತಿತು. ಪ್ರವಾಸಿಗರು ಇನ್ನೂ ಒಳಗೇ ಇದ್ದರು, ಪೆಟ್ಟಿಗೆಗಳು ಮೇಲೆ. ತಾಸ್ಸೊ ಸುತ್ತಿಗೆ ಹಿಡಿದು ಇಳಿದ. ಅವನ ಮುಖ ಕೆಂಡವಾಗಿತ್ತು.

“ಇದೇ ತಾನೇ ನಿಂಗೆ ಬೇಕಾಗಿದ್ದು? ತಗೋ! ನನ್ನ ಹತ್ರ ದನ ಇಲ್ಲ, ಇರೋದು ಇದೊಂದೇ!” ಮುಂದಿನ ಗಾಜು ಪುಡಿಪುಡಿಯಾಯಿತು. ಒಳಗಿದ್ದ ಹೆಂಗಸು ಕಿರುಚಿಕೊಂಡು ಗಂಡನನ್ನು ಎಳೆದುಕೊಂಡು ಇಳಿದಳು. ಬಲಗಡೆಯ ಗಾಜು ಹೋಯಿತು. ದೀಪ ಹೋಯಿತು. ಊರು ಮತ್ತೆ ಸೇರಿತು, ಯಾಮಿ ಶಾಲೆಯಿಂದ ಓಡಿಬಂದಳು, ತಾಲ್ಯಾಂಗ್ ಈ ಸಲ ಕೋಟಿಲ್ಲದೆ ಬಂದ. ತಾಸ್ಸೊ ಹಿಂಬದಿಗೆ ಹೋಗಿ ಅಜ್ಜಿಯ ಚಿತ್ರದ ಮುಂದೆ ಸುತ್ತಿಗೆ ಎತ್ತಿದ.

“ನಿಲ್ಲಿಸೋ!” ಅಜ್ಜಿ ಗುಡುಗಿದಳು. “ಗಾಜಿಗೋಸ್ಕರ ನನ್ನ ದನ ಕಡಿಸಿದ್ನಾ? ಗಾಜು ನೀನು ನಾಳೆ ಹೊಸದು ಹಾಕಿಸ್ತೀಯ, ಬಾಯಿ ಅದೇ ಹಳೇದು. ನಂಗೆ ನಿನ್ನ ಬಾಯಿ ಬೇಕು. ಯಾರಿಗೆ ಸುಳ್ಳು ಹೇಳಿದ್ಯೋ ಅವರಿಗೇ, ಅವರ ಭಾಷೇಲೇ ಹೇಳು. ಯಾಮೀ, ಒಂದಕ್ಷರ ತಪ್ಪಿದ್ರೂ ನಂಗೆ ಹೇಳು.”

ತಾಸ್ಸೊ ಏದುಸಿರು ಬಿಡುತ್ತ ನಿಂತ. ಕೊನೆಗೆ ಪ್ರವಾಸಿಗರ ಕಡೆ ತಿರುಗಿ ಹಿಂದಿಯಲ್ಲಿ ಶುರುಮಾಡಿದ. ಯಾಮಿ ಅಜ್ಜಿಯ ಕಿವಿಯ ಹತ್ತಿರ ಒಂದೊಂದೇ ಮಾತು ಹೇಳುತ್ತ ಹೋದಳು. “ಮೊನ್ನೆ ಕಡಿದದ್ದು ಸ್ವಾಗತಕ್ಕಲ್ಲ ಅಂತಿದಾನೆ... ನಾನು ಅವಮಾನ ಮಾಡಿದ್ದಕ್ಕೆ ಅಂತಿದಾನೆ... ಈ ಹಚ್ಚೆ ಚೆಂದಕ್ಕೆ ಹಾಕಿಸ್ಕೊಂಡಿದ್ದು, ಕುರೂಪಿ ಅನ್ನೋದು ನಾನು ಹೊಟ್ಟೆಪಾಡಿಗೆ ಹೇಳಿದ ಸುಳ್ಳು... ನಮ್ಮವ್ವಂಗೂ ಇದೇ ಹಚ್ಚೆ ಇತ್ತು...”

ಅಲ್ಲಿಗೆ ಅವನ ಮಾತು ನಿಂತಿತು.

“ಮುಂದೆ?” ಎಂದಳು ಅಜ್ಜಿ.

ಅವನು ಹಿಂದಿ ಬಿಟ್ಟ. “ನಮ್ಮವ್ವ ಚೆಲುವೆ ಇದ್ಳು” ಎಂದು ತನ್ನ ಭಾಷೆಯಲ್ಲೇ ಹೇಳಿ, ಸುತ್ತಿಗೆ ಕೆಳಗೆ ಬಿಟ್ಟು, ಗಾಜಿನ ಪುಡಿಯ ಮೇಲೆ ಕೂತು ಅತ್ತುಬಿಟ್ಟ. ಪ್ರವಾಸಿ ಗಂಡಸು ಯಾಮಿಯ ಹತ್ತಿರ ಬಂದು, ಈಗ ರೈಲಿಗೆ ಬೇರೆ ಗಾಡಿ ಸಿಗುತ್ತದೆಯೇ ಎಂದು ಕೇಳಿದ. ಅವನಿಗೆ ಉತ್ತರ ಕೊಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ತಾಲ್ಯಾಂಗ್ ನಡುವೆ ಬಂದು ಕೈ ಎತ್ತಿದ. “ಲಿಸುದು ಮುಗೀತು. ಇಬ್ರೂ ಸಮ. ಇನ್ನು ಯಾರೂ ಮಾತು ಬೆಳೆಸಬಾರದು.”

ಜನ ಚದುರಿದರು. ತಾಸ್ಸೊ ಮುಖ ಒರೆಸಿಕೊಂಡು ಎದ್ದು ಬಂದು ಅಜ್ಜಿಯ ಮುಂದೆ ನಿಂತ. ತಪ್ಪು ಮಾಡಿದ ಮಗುವಿನಂತೆ ಕೇಳಿದ: “ಸಿಟ್ಟು ಇಳೀತಾ ಅಜ್ಜಿ?”

“ಇಳೀಲಿಲ್ಲ ಕಣೋ. ಸಮ ಅಂದ ಅವನು. ಏನು ಸಮ?” ಅಜ್ಜಿಯ ಗಲ್ಲದ ಐದೂ ಗೆರೆಗಳು ಅದುರುತ್ತಿದ್ದವು. “ನಾಳೆಯೋ ನಾಡಿದ್ದೋ ನಾನು ನೇಲಿಗೆ ಹೋಗ್ತೀನಿ. ನಿಮ್ಮವ್ವ ದಾರಿ ಬಾಯಲ್ಲೇ ಕೂತಿರ್ತಾಳೆ, ನಾನು ಬರೋದನ್ನೇ ಕಾಯ್ತಾ. ನನ್ನ ಹಿಂದೆ ನೋಡ್ತಾಳೆ, ದನ ಇರಲ್ಲ. ಯಾಕೇ ಮಾಮುಂಗ್, ಭಿಕಾರಿ ಹಂಗೆ ಬಂದೆ, ನಿನ್ನ ದನ ಎಲ್ಲಿ ಅಂತ ಕೇಳ್ತಾಳೆ. ಏನು ಹೇಳ್ಲಿ? ನಿನ್ನ ಮಗ ನಿನ್ನನ್ನ ಕುರೂಪಿ ಅಂತ ಊರೂರಿಗೆ ಸಾರಿದ, ಅವನ ಬಾಯಲ್ಲಿ ಚೆಲುವೆ ಅನ್ಸೋಕೆ ಖರ್ಚು ಮಾಡಿಬಿಟ್ಟೆ ಅನ್ಲಾ? ಅವಳಿಗೆ ಅದನ್ನ ಹೇಳ್ಲಾ? ಇಲ್ಲಾ, ಅವಳಿಗೆ ನೋವಾಗಬಾರದು ಅಂತ, ಬಡತನಕ್ಕೆ ಮಾರ್ಕೊಂಡೆ ಅಂತ ಸುಳ್ಳು ಹೇಳ್ಲಾ? ಸುಳ್ಳು ಹೇಳೋದು ನಿಂಗೆ ಚೆನ್ನಾಗಿ ಬರುತ್ತಲ್ಲ, ನೀನೇ ಕಲಿಸಿಕೊಡು.”

ಅಜ್ಜಿ ಬಹಳ ಹೊತ್ತು ಕಾದಳು, ನಿಜವಾಗಿಯೂ ಉತ್ತರ ಬೇಕೆಂಬಂತೆ.